ಸಂತೆ ದಿನ ಯಾರೂ ನೋಡದಿದ್ದ ಜಾಗ

ಸಮಿತಿಯ ಪತ್ರ ನನ್ನ ಕೈಗೆ ಬಂದದ್ದು ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ. ನಾನು ಸ್ಟೇರಿಂಗ್ ಹಿಂದೆ ಕೂತು ಹೊರಡುವ ಹೊತ್ತಿಗೆ ಕಾಯುತ್ತಿದ್ದೆ. ನಮ್ಮ ಕಂಡಕ್ಟರ್ ಕಿಟಕಿಯಿಂದ ಕವರು ತೂರಿಸಿ, "ತಗೋ, ಸರ್ಕಾರದ ಕಾಗ್ದ ಬಂದೈತೆ. ಎಲ್ಲಿ ಗುದ್ದಿದ್ಯೋ, ನಿಜ ಹೇಳ್ಬುಡು" ಎಂದ.

ಗುದ್ದಿರಲಿಲ್ಲ. ಊರಿಗೆ ಹೊಸ ಆಸ್ಪತ್ರೆ ಮಂಜೂರಾಗಿತ್ತು. ಜಾಗ ಆರಿಸಲು ಒಂದು ಸಮಿತಿ ಮಾಡಿದ್ದರು. ಅಧ್ಯಕ್ಷರಾಗಿ ಒಬ್ಬ ಸಾಹೇಬರು, ಒಬ್ಬ ಇಂಜಿನಿಯರ್, ಹಳೇ ಆಸ್ಪತ್ರೆಯ ಡಾಕ್ಟರಮ್ಮ, ಊರಿನ ಪರವಾಗಿ ಒಬ್ಬ ದೊಡ್ಡ ಪ್ಲಾಂಟರ್. ಬಸ್ಸಿನವರ ಕಡೆಯಿಂದಲೂ ಒಬ್ಬರು ಇರಲಿ ಎಂದು ಯಾರೋ ಹೇಳಿದ್ದಕ್ಕೆ ನನ್ನ ಹೆಸರು ಸೇರಿತ್ತು. ಕೆ. ಹೊಸಕೋಟೆಯಿಂದ ಆಲೂರು, ಪಾಳ್ಯ, ಬಾಳ್ಳುಪೇಟೆ ದಾಟಿ ಸಕಲೇಶಪುರಕ್ಕೆ ಬರುವ ಸರ್ವೀಸ್ ಬಸ್ಸನ್ನು ಆಗ ಹದಿನೆಂಟು ವರ್ಷಗಳಿಂದ ನಾನೇ ಓಡಿಸುತ್ತಿದ್ದೆ. ಯಾವ ತಿರುವಿನಲ್ಲಿ ಯಾರು ಹತ್ತುತ್ತಾರೆ, ಯಾರ ಮನೆಯ ಮುದುಕಿಗೆ ಯಾವ ಕಾಯಿಲೆ ಎಂಬುದು ನನಗೆ ಗೊತ್ತಿತ್ತು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಸಾಹೇಬರ ಮೇಜಿನ ಸುತ್ತ ಕೂತು ಮಾತಾಡುವುದು ಸಣ್ಣ ವಿಷಯವಲ್ಲ. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡೇ ಹೋದೆ.

ಮೊದಲ ಸಭೆಯಲ್ಲಿ ಎಲ್ಲರೂ ಹಾಸಿಗೆ ಎಷ್ಟು, ಮಹಡಿ ಎಷ್ಟು ಎಂದು ಮಾತಾಡಿದರು. ನನ್ನ ಸರದಿ ಬಂದಾಗ ಒಂದೇ ಮಾತು ಹೇಳಿದೆ. "ಸಾರ್, ಎಲ್ಲಿ ಬೇಕಾದ್ರೂ ಕಟ್ಟಿ. ಬಸ್ಸಿಂದ ಇಳಿದ ರೋಗಿ ಯಾರ ಹೆಗಲೂ ಹಿಡೀದೆ ಬಾಗಿಲು ಮುಟ್ಬೇಕು. ಕಾರಿರೋರು ಹಾಸನಕ್ಕೂ ಹೋಗ್ತಾರೆ, ಮಂಗಳೂರಿಗೂ ಹೋಗ್ತಾರೆ. ಇಲ್ಲಿಗೆ ಬರೋರು ನನ್ ಬಸ್ಸಲ್ಲಿ ಬರೋರು."

ಸಾಹೇಬರು ಅದನ್ನು ಬರೆದುಕೊಂಡರು. ಆಮೇಲೆ ನಡೆದ ಗಲಾಟೆಯೆಲ್ಲ ಆ ಒಂದು ಮಾತಿನಿಂದಲೇ.

ಮೊದಲು ನೋಡಿದ್ದು ಪ್ಲಾಂಟರ್ ಕೊಡುತ್ತೇನೆ ಎಂದ ಗುಡ್ಡದ ಜಾಗ. ಊರು ದಾಟಿ ಆನೇಮಹಲ್ ಕಡೆ ಹೋಗುವಾಗ ಹೆದ್ದಾರಿಯಿಂದ ಮೇಲಕ್ಕೆ ಒಂದು ಮೈಲಿ. ತೀರಿಹೋದ ತಾಯಿಯ ನೆನಪಿಗೆ ನಾಲ್ಕು ಎಕರೆ ಬಿಟ್ಟುಕೊಡುತ್ತೇನೆಂದು ಅವರು ಪತ್ರ ಬರೆದಿದ್ದರು. ಮೇಲೆ ನಿಂತರೆ ಘಟ್ಟದ ಸಾಲು ಪೂರ್ತಿ ಕಾಣುತ್ತದೆ. ಗಾಳಿ ಚೆನ್ನಾಗಿದೆ, ಒರತೆಯ ನೀರಿದೆ, ಜಾಗ ಪುಕ್ಕಟೆ. ಇಂಜಿನಿಯರ್ ಆಗಲೇ ಪುಸ್ತಕ ತೆಗೆದು ಗೀಟು ಎಳೆಯತೊಡಗಿದ್ದರು.

"ಜೀಪಲ್ಲಿ ಬಂದು ನೋಡಿದ್ರೆ ಆಗಲ್ಲ ಸಾರ್. ಬಸ್ಸಲ್ಲಿ ಬಂದು ನೋಡ್ಬೇಕು. ಅದೂ ತುಂಬಿದ ಬಸ್ಸು" ಎಂದೆ.

"ಅದಕ್ಕೇನಂತೆ? ನಮ್ ಆಳುಗಳನ್ನೇ ತುಂಬುಸ್ತೀನಿ" ಎಂದರು ಪ್ಲಾಂಟರ್.

ಮಾರನೇ ವಾರ ನಮ್ಮ ಮಾಲೀಕರನ್ನು ಕೇಳಿ ಒಂದು ಟ್ರಿಪ್ಪು ಬಿಡಿಸಿಕೊಂಡು ಬಸ್ ತಂದೆ. ಅವರ ಎಸ್ಟೇಟಿನ ನಲವತ್ತು ಜನ ಹತ್ತಿದರು. ಸಮಿತಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಹೆದ್ದಾರಿ ಬಿಟ್ಟ ಕೂಡಲೇ ಫಸ್ಟ್ ಗೇರ್. ಮೊದಲನೇ ತಿರುವು ಹೇಗೋ ಆಯಿತು. ಎರಡನೆಯದರಲ್ಲಿ ಬಸ್ಸಿನ ಮೂತಿ ರಸ್ತೆಗಾಗಿ ಕಡಿದ ಗುಡ್ಡದ ದರೆಗೆ ತಾಗುವಂತಾಗಿ ನಿಂತಿತು. ಕಂಡಕ್ಟರ್ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದಕ್ಕೆ ಒಂದು ಮಾರು, ಮುಂದಕ್ಕೆ ಒಂದು ಮಾರು, ಹೀಗೆ ಮೂರು ಸಲ ಸ್ಟೇರಿಂಗ್ ತಿರುಗಿಸಿದೆ. ಒಂದೊಂದು ಸಲ ಹಿಂದಕ್ಕೆ ಬಿಟ್ಟಾಗಲೂ ಹಿಂದಿನ ಸೀಟಿನ ಹೆಂಗಸರು ಕೆಳಗಿನ ಕಣಿವೆ ನೋಡಿ ದೇವರನ್ನು ಕೂಗಿದರು. ಕ್ಲಚ್ ಪ್ಲೇಟ್ ಸುಟ್ಟ ವಾಸನೆಗೆ ಡಾಕ್ಟರಮ್ಮ ಮೂಗಿಗೆ ಸೆರಗು ಹಿಡಿದರು. ಅಂತೂ ಹತ್ತಿಸಿದೆ.

"ಹತ್ತಿತಲ್ಲಯ್ಯ! ಸುಮ್ನೆ ಹೆದರಿಸ್ತಿದ್ದೆ" ಎಂದರು ಪ್ಲಾಂಟರ್ ಇಳಿಯುತ್ತಾ.

"ಹತ್ತಿದ್ದು ಬಸ್ಸಲ್ಲ ಸಾವ್ಕಾರ್ರೆ, ನಾನು. ನಾಳೆ ನಾನು ರಜ ಹಾಕಿದ್ರೆ ಯಾರು ಹತ್ತುಸ್ತಾರೆ? ಮಳೆ ಹಿಡಿದ ಮೇಲೆ ಈ ಕೆಮ್ಮಣ್ಣಲ್ಲಿ ನಾನೂ ಹತ್ಸಲ್ಲ. ಬಸ್ಸು ಕೆಳಗೇ ನಿಲ್ಲುತ್ತೆ. ಕಾಲು ಮುರಿದೋನು ಒಂದು ಮೈಲಿ ಗುಡ್ಡ ಹತ್ತಬೇಕು."

ನಲವತ್ತು ಆಳುಗಳೂ ಮಾತಾಡದೆ ತಲೆ ಬಗ್ಗಿಸಿ ನಿಂತಿದ್ದರು. ಧಣಿಯ ಎದುರು ಅವರು ಇನ್ನೇನು ಹೇಳಿಯಾರು? ಆದರೆ ಇಳಿಯುವಾಗ ಬಸ್ ಹತ್ತಿ ಎಂದರೆ ಒಬ್ಬರೂ ಹತ್ತಲಿಲ್ಲ. ಎಲ್ಲರೂ ನಡೆದೇ ಬರುತ್ತೇವೆ ಎಂದರು. ಸಾಹೇಬರು ಅದನ್ನು ನೋಡಿ ನಕ್ಕುಬಿಟ್ಟರು. ಗುಡ್ಡದ ಮಾತು ಅಲ್ಲಿಗೆ ಹಿಂದೆ ಸರಿಯಿತು. ಪ್ಲಾಂಟರ್ ಮಾತ್ರ ಅದನ್ನು ಮರೆಯಲಿಲ್ಲ.

ಎರಡನೇ ಜಾಗ ತೋರಿಸಿದವನು ನಾನು. ಬಸ್‌ಸ್ಟ್ಯಾಂಡಿನ ಪಕ್ಕ ಸಂತೆಮಾಳವಿದೆ. ಅದರ ಹಿಂದೆ ಹಳೇ ಗೋದಾಮುಗಳಿದ್ದ ಖಾಲಿ ಜಾಗ. ಸಂತೆಯ ಮಾರನೇ ದಿನ ನನಗೆ ವಾರದ ರಜ. ಅವತ್ತು ಹೋಗಿ ಬಸ್‌ಸ್ಟ್ಯಾಂಡಿನ ಕಟ್ಟೆಯಿಂದ ಹೆಜ್ಜೆ ಹಾಕಿ ಅಳೆದೆ. ನೂರ ಎಂಬತ್ತು ಹೆಜ್ಜೆ. ದಾರಿ ಮಟ್ಟಸ, ಅಗಲವಾಗಿದೆ, ಒಂದು ನಾಯಿ ಕೂಡ ಅಡ್ಡ ಬರಲಿಲ್ಲ. ಇಂಜಿನಿಯರ್ ಆಮೇಲೆ ಟೇಪ್ ಹಿಡಿಸಿದರು. ನನ್ನ ಲೆಕ್ಕಕ್ಕೂ ಟೇಪಿಗೂ ಮೂರಡಿ ವ್ಯತ್ಯಾಸ. "ಪರ್ವಾಗಿಲ್ವೇ" ಎಂದರು. ನಾನು ಅದನ್ನು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ಆ ಜಾಗವನ್ನು ಗಟ್ಟಿ ಮಾಡಿದ್ದು ಡಾಕ್ಟರಮ್ಮನ ರಿಜಿಸ್ಟರ್. ಹಳೇ ಆಸ್ಪತ್ರೆ ಹೆದ್ದಾರಿಯ ಆಚೆ ಪಕ್ಕ, ದಿಣ್ಣೆಯ ಮೇಲಿತ್ತು. ಅಲ್ಲಿಗೆ ಯಾವ ಊರಿನವರು ಎಷ್ಟು ಜನ ಬರುತ್ತಾರೆ ಎಂದು ಸಾಹೇಬರು ಕೇಳಿದ್ದರು. ಡಾಕ್ಟರಮ್ಮ ಪುಟ ತಿರುಗಿಸುತ್ತಾ ಹುಬ್ಬು ಗಂಟಿಕ್ಕಿ, "ಒಂದು ನನಗೆ ಅರ್ಥ ಆಗಲ್ಲ. ವಾರವೆಲ್ಲಾ ಒಂದು ಲೆಕ್ಕ, ಸಂತೆ ದಿನ ಅದರ ಎರಡರಷ್ಟು. ಸಂತೆ ದಿನಾನೇ ಯಾಕೆ ಜ್ವರ ಬರುತ್ತೆ ಇವರಿಗೆ?" ಎಂದರು. ಹೊಸಬರು, ಬಯಲುಸೀಮೆ ಕಡೆಯಿಂದ ಬಂದವರು.

"ಜ್ವರ ಮೂರು ದಿನ ಮುಂಚೇನೇ ಬಂದಿರುತ್ತೆ ಡಾಕ್ಟ್ರಮ್ಮ" ಎಂದೆ. "ನಮ್ಮ ಕಡೆ ಎಸ್ಟೇಟಲ್ಲಿ ವಾರದ ರಜ ಭಾನುವಾರ ಅಲ್ಲ, ಸಂತೆ ದಿನ. ಲೈನ್ ಮನೇಲಿರೋ ಕೂಲಿಯೋರು ಅಲ್ಲೀತನಕ ಜ್ವರಾನ ಇಟ್ಕೊಂಡಿರ್ತಾರೆ. ಸಂತೆ ಚೀಲ ಒಂದು ಕೈಲಿ, ಆಸ್ಪತ್ರೆ ಚೀಟಿ ಒಂದು ಕೈಲಿ."

"ನಮ್ ಎಸ್ಟೇಟಲ್ಲಿ ಹಂಗೇನಿಲ್ಲಪ್ಪ. ಹುಷಾರಿಲ್ಲ ಅಂದ್ರೆ ಹಾಜರಿ ಬರೆಯೋ ರೈಟರ್ ಅವತ್ತೇ ಚೀಟಿ ಕೊಡ್ತಾನೆ" ಎಂದರು ಪ್ಲಾಂಟರ್.

"ಕೊಡ್ತಾರೆ ಸಾವ್ಕಾರ್ರೆ. ಕೇಳೋರು ಯಾರು?"

ಡಾಕ್ಟರಮ್ಮ ರಿಜಿಸ್ಟರಿನಲ್ಲಿ ಸಂತೆ ದಿನಗಳಿಗೆ ಒಂದೊಂದು ಗುರುತು ಹಾಕಿದರು. ನಾನು ಮುಂದುವರಿಸಿದೆ. ಆಸ್ಪತ್ರೆ ಸಂತೆಯ ಪಕ್ಕದಲ್ಲೇ ಇದ್ದರೆ ಇನ್ನೇನು ಬೇಕು? ಸೊಪ್ಪು ಕೊಂಡು, ಮಾತ್ರೆ ತಗೊಂಡು, ಬಸ್ ಹತ್ತಬಹುದು. ಎಲ್ಲರೂ ತಲೆ ಆಡಿಸಿದರು. ಅವತ್ತೇ ಠರಾವು ಬರೆದರು. ಕೆಳಗೆ ನನ್ನ ಸಹಿಯೂ ಬಿತ್ತು. ಸಾಹೇಬರು, "ಡ್ರೈವರ್ ಇಲ್ಲದಿದ್ರೆ ಈ ಕೆಲಸ ಇಷ್ಟು ಬೇಗ ಆಗ್ತಿರಲಿಲ್ಲ" ಎಂದರು. ಆ ಮಾತು ಬಹಳ ದಿನ ನನ್ನ ಕಿವಿಯಲ್ಲಿತ್ತು, ಮೊದಲು ಸಿಹಿಯಾಗಿ, ಆಮೇಲೆ ಮುಳ್ಳಿನ ಹಾಗೆ.

ಅದಾಗಿ ಒಂದು ವಾರ ಕಳೆದಿರಬೇಕು. ಸಂತೆ ದಿನ. ಬಸ್ಸಿನ ಒಳಗೆ ಎಷ್ಟು ಜನವೋ ಟಾಪಿನ ಮೇಲೂ ಅಷ್ಟೇ ಮೂಟೆ. ಸೇತುವೆ ದಾಟಿ ಬಂದು, ಬಸ್‌ಸ್ಟ್ಯಾಂಡಿನ ರಸ್ತೆ ಹೆದ್ದಾರಿಯಿಂದ ಒಡೆಯುವಲ್ಲಿ ಎಂದಿನಂತೆ ಎಡಕ್ಕೆ ಒತ್ತಿ ನಿಲ್ಲಿಸಿದೆ. ಕಂಡಕ್ಟರ್ ಎಂದಿನಂತೆ ಬಾಗಿಲು ಬಡಿದು ಕೂಗಿದ: "ಸಂತೆ, ಸಂತೆ! ಎಲ್ಲಾ ಇಲ್ಲೇ ಇಳ್ಕಳಿ! ಬಸ್ಸು ಒಳಕ್ಕೆ ಹೋಗಲ್ಲ!"

ಬಾಳ್ಳುಪೇಟೆ ಈಚೆಯ ಒಂದು ಎಸ್ಟೇಟಿನ ಲೈನಿನಿಂದ ಬಂದ ಬಸುರಿ ಹೆಂಗಸು ಕೊನೆಗೆ ಇಳಿದಳು. ತಿಂಗಳು ತುಂಬುತ್ತಾ ಬಂದಿತ್ತು. ಹಳೇ ಆಸ್ಪತ್ರೆಗೆ ತೋರಿಸಲು ಹೊರಟಿದ್ದಳು. ಗಂಡ ಚೀಲ ಹಿಡಿದು ಕೆಳಗೆ ನಿಂತಿದ್ದ. ಅವನು ಕಂಡಕ್ಟರನ್ನು ಕೇಳಿದ: "ಅಣ್ಣ, ಹೊಸಾ ಆಸ್ಪತ್ರೆ ಎಲ್ಲಿ ಕಟ್ತಾರಂತೆ?"

"ಅಗೋ, ಸಂತೆಮಾಳದ ಹಿಂದೆ. ನಮ್ ಡ್ರೈವರ್ರೇ ಆರ್ಸಿದ್ದು, ಏನ್ ತಿಳ್ಕಂಡಿದೀಯ!"

ಆ ಹೆಂಗಸು ಕಂಡಕ್ಟರ್ ಕೈ ತೋರಿಸಿದ ಕಡೆ ನೋಡಿದಳು. ನಾನೂ ನೋಡಿದೆ. ಹೆದ್ದಾರಿಯ ಅಂಚಿನಿಂದಲೇ ಈರುಳ್ಳಿ ರಾಶಿ ಶುರುವಾಗಿತ್ತು. ಅದರ ಹಿಂದೆ ಟೊಮೇಟೊ ಇಳಿಸುವ ಲಾರಿ, ಮಡಕೆಯವರು, ಬಟ್ಟೆಯವರ ಟಾರ್ಪಾಲು, ಕೋಳಿ ಬುಟ್ಟಿಗಳು, ಅದರ ನಡುವೆ ತಲೆಗಳೇ ತಲೆಗಳು. ರಸ್ತೆ ಎಂಬುದೇ ಇರಲಿಲ್ಲ.

"ಅಯ್ಯೋ, ಹೊಟ್ಟೆ ಹೊತ್ಕಂಡು ಅದ್ರೊಳಗೆ ಹೆಂಗೆ ನುಗ್ಗದು ಅಣ್ಣ?" ಎಂದು ನಕ್ಕು, ಅವಳು ಗಂಡನ ಹಿಂದೆ ದಿಣ್ಣೆಯ ಕಡೆ ಹೊರಟುಹೋದಳು.

ಗೇರಿನ ಮೇಲಿಟ್ಟ ಕೈ ಹಾಗೇ ನಿಂತಿತು. ಹದಿನೆಂಟು ವರ್ಷ ಸಂತೆ ದಿನ ಬಸ್ಸನ್ನು ಹೆದ್ದಾರಿಯಲ್ಲೇ ನಿಲ್ಲಿಸಿದವನು ನಾನು. ಒಳಗೆ ಹೋಗಲು ಆಗುವುದಿಲ್ಲ ಎಂದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೆ ನನ್ನ ತಲೆಯಲ್ಲಿ ಸಂತೆ ದಿನದ ಊರೇ ಬೇರೆ, ಉಳಿದ ದಿನದ ಊರೇ ಬೇರೆ. ಹೆಜ್ಜೆ ಅಳೆದದ್ದು ರಜದ ದಿನ. ಸಮಿತಿ ಮೂರು ಸಲ ಆ ಜಾಗ ನೋಡಿತು, ಮೂರೂ ಸಲ ಬೇರೆ ದಿನ. ಸಂತೆ ದಿನ ಮೀಟಿಂಗ್ ಇಟ್ಟರೆ ಯಾರೂ ಬರುವುದಿಲ್ಲವೆಂದು ನಮ್ಮ ತಾಲ್ಲೂಕಿನಲ್ಲಿ ಯಾರೂ ಅವತ್ತು ಮೀಟಿಂಗ್ ಇಡುವುದೇ ಇಲ್ಲ. ರೋಗಿಗಳೆಲ್ಲಾ ಸಂತೆ ದಿನವೇ ಬರುತ್ತಾರೆ ಎಂದು ಸಭೆಯಲ್ಲಿ ಎದೆ ಉಬ್ಬಿಸಿ ಹೇಳಿದ ಬಾಯಿಗೇ, ಅವತ್ತು ಆ ಬಾಗಿಲಿನ ದಾರಿಯೇ ಮುಚ್ಚಿರುತ್ತದೆ ಎಂಬುದು ಹೊಳೆದಿರಲಿಲ್ಲ.

"ಏನಾಯ್ತೋ? ಹೊರಡು ಮಾರಾಯ, ಹಿಂದ್ಗಡೆ ಹಾರ್ನ್ ಹೊಡೀತಾವ್ನೆ" ಎಂದ ಕಂಡಕ್ಟರ್.

ಅವನಿಗೆ ಹೇಳಿದ್ದು ಸಂಜೆ, ಆಲೂರಿನಲ್ಲಿ ಟೀ ಕುಡಿಯುವಾಗ. ಅವನು ಗ್ಲಾಸು ಕೆಳಗಿಟ್ಟು, "ನಾನೂ ಪ್ರತಿ ಸಂತೆಗೂ ಕೂಗ್ತೀನಲ್ಲೋ, ಒಳಕ್ಕೆ ಹೋಗಲ್ಲ ಅಂತ! ನನಗೂ ಹೊಳೀಲಿಲ್ವಲ್ಲ" ಎಂದ. ಆಮೇಲೆ, "ಸುಮ್ಕಿದ್ಬುಡು. ಕಟ್ಟಿದ ಮೇಲೆ ಸಂತೇನೇ ಬೇರೆ ಕಡೆ ಎತ್ತಾಕ್ತಾರೆ" ಎಂದ.

"ಸಂತೆ ಎತ್ತಾಕೋರು ಯಾರೋ? ನಿಮ್ಮಪ್ಪನಾ?"

ಸುಮ್ಮನಿರುವುದು ಸುಲಭವಿತ್ತು. ಸಹಿ ಹಾಕಿದ್ದವರು ಐದು ಜನ, ತಪ್ಪು ನನ್ನೊಬ್ಬನ ತಲೆಗೆ ಬರುತ್ತಿರಲಿಲ್ಲ. ನಿಜವಾಗಿ ಹೆದರಿಸಿದ್ದು ಬೇರೆ. ನಾನು ಈಗ ಈ ಜಾಗ ಬೇಡ ಎಂದರೆ ಉಳಿಯುವುದು ಒಂದೇ, ಗುಡ್ಡ. ಪ್ಲಾಂಟರ್ ಅದನ್ನೇ ಕಾಯುತ್ತಿದ್ದರು. ಆಗ ಸಂತೆ ದಿನ ಮಾತ್ರವಲ್ಲ, ವಾರದ ಏಳು ದಿನವೂ ಆ ಬಸುರಿ ಹೆಂಗಸು ಹತ್ತಬೇಕಾಗುತ್ತಿತ್ತು. ಬೇಡ ಎನ್ನುವ ಮೊದಲು ಬೇರೆ ಜಾಗ ಕೈಯಲ್ಲಿರಬೇಕಿತ್ತು. ಒಂದು ವಾರ ಬಸ್ ಓಡಿಸುತ್ತಾ ಎರಡೂ ಪಕ್ಕ ನೋಡಿದೆ. ಒಂದು ಕಡೆ ತಗ್ಗು, ನೀರು ನಿಲ್ಲುತ್ತದೆ. ಇನ್ನೊಂದು ಕಡೆ ತೋಟ. ಸೇತುವೆಯ ಹತ್ತಿರ ಜಾಗ ಸಾಲದು.

ಮುಂದಿನ ಸಂತೆ ದಿನ ಜನ ಇಳಿಸಿ, ಖಾಲಿ ಬಸ್ ತಿರುಗಿಸಲು ಹೊರಟೆವು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂತೆ ದಿನ ಊರೊಳಗೆ ಬಸ್ ತಿರುಗಿಸಲು ಜಾಗವಿಲ್ಲ. ಅದಕ್ಕೆ ಹೆದ್ದಾರಿಯಲ್ಲೇ ಮುಂದೆ ಆನೇಮಹಲ್ ಕಡೆ ಎರಡು ಮೈಲಿ ಹೋಗಿ, ರಸ್ತೆಗೆ ಹತ್ತಿಕೊಂಡ ಒಂದು ಬೋರೆಯ ಮೇಲೆ, ಅಂದರೆ ಹುಲ್ಲು ಬೆಳೆದ ಗಟ್ಟಿ ದಿಬ್ಬದ ಮೇಲೆ, ಒಂದು ಸುತ್ತು ಹಾಕಿ ವಾಪಸ್ ಬರುತ್ತೇವೆ. ಎಲ್ಲಾ ಬಸ್ಸಿನವರೂ ಹಾಗೇ. ಅವತ್ತು ನಮ್ಮ ಮುಂದೆ ಇಬ್ಬರು ತಿರುಗಿಸುತ್ತಿದ್ದರು. ಕಂಡಕ್ಟರ್ ಫುಟ್‌ಬೋರ್ಡಿನ ಮೇಲೆ ಕೂತು ಬೀಡಿ ಹಚ್ಚಿ ಗೊಣಗಿದ: "ನೋಡು, ರೋಗಿಗಳ್ನ ಊರಲ್ಲಿ ಇಳ್ಸಿ, ಖಾಲಿ ಬಸ್ಸಿಗೆ ಗಾಳಿ ಕುಡ್ಸಕ್ಕೆ ಇಲ್ಲೀತನಕ ಬತ್ತೀವಿ. ಇನ್ನೆರಡು ಮೈಲಿ ಕೂತಿದ್ರೆ ಅವ್ರೂ ಗಾಳಿ ಕುಡ್ಕಂಡು ಹೋಗೋರು."

ನಾನು ಬ್ರೇಕ್ ಒತ್ತಿದೆ. ಅವನ ಬೀಡಿ ಕೆಳಗೆ ಬಿತ್ತು.

"ಬೈಬೇಡ. ಇನ್ನೊಂದು ಸಲ ಹೇಳು" ಎಂದೆ.

ಸಾಹೇಬರ ಆಫೀಸಿಗೆ ಹೋದದ್ದು ಮಾರನೇ ದಿನ. ಜೊತೆಗೆ ಡಾಕ್ಟರಮ್ಮನನ್ನು ಕರೆದುಕೊಂಡು ಹೋಗೋಣ ಎಂದುಕೊಂಡೆ. ಅವರು ಪೂರ್ತಿ ಕೇಳಿ, "ಬರ್ತೀನಿ. ಆದರೆ ಮಾತು ನೀವೇ ಆಡಬೇಕು. ಜಾಗ ತೋರಿಸಿದವರು ನೀವು" ಎಂದರು. ಸರಿಯಾದ ಮಾತೇ. ಆದರೂ ಮೆಟ್ಟಿಲು ಹತ್ತುವಾಗ ಗುಡ್ಡಕ್ಕೆ ಬಸ್ ಹತ್ತಿಸಿದ್ದಕ್ಕಿಂತ ಹೆಚ್ಚು ಬೆವರಿದೆ.

"ಸಾರ್, ನಾನು ತಪ್ಪು ಜಾಗ ತೋರ್ಸಿದೀನಿ" ಎಂದೆ.

ಸಾಹೇಬರು ಕನ್ನಡಕ ತೆಗೆದರು. ಠರಾವು ಮೇಲಕ್ಕೆ ಹೋಗಿ ಆಗಿತ್ತು. ಇಂಜಿನಿಯರ್ ನಕ್ಷೆ ಮುಗಿಸುತ್ತಿದ್ದರು. "ಒಂದು ದಿನಕ್ಕೋಸ್ಕರ ಇಡೀ ಜಾಗ ಬಿಡೋಕಾಗುತ್ತೇನ್ರೀ?" ಎಂದು ಕೇಳಿದರು.

"ಬಿಡಿ ಅಂತ ಹೇಳಲ್ಲ ಸಾರ್. ಮುಂದಿನ ಸಂತೆ ದಿನ ಮೀಟಿಂಗ್ ಇಡಿ. ಎಲ್ರೂ ನನ್ ಬಸ್ಸಲ್ಲೇ ಬನ್ನಿ. ನೋಡಿದ ಮೇಲೆ ನೀವು ಹೇಳಿದ ಹಾಗೆ."

"ಸಂತೆ ದಿನ ಮೀಟಿಂಗಾ?" ಎಂದು ಮೂಲೆಯಲ್ಲಿದ್ದ ಗುಮಾಸ್ತರು ತಲೆಯೆತ್ತಿದರು. ಸಂತೆ ದಿನ ಯಾರೂ ಆ ಜಾಗ ನೋಡಿಲ್ಲವೆಂಬುದು ಅವರ ಬೆರಗಿನಿಂದಲೇ ಹೊಳೆದಿರಬೇಕು, ಸಾಹೇಬರು ಹೂಂ ಎಂದರು.

ಅವತ್ತು ಸಮಿತಿ ಬಾಳ್ಳುಪೇಟೆಯಲ್ಲಿ ನನ್ನ ಬಸ್ ಹತ್ತಿತು. ಕೂರಲು ಸೀಟಿರಲಿಲ್ಲ. ಸಾಹೇಬರೂ ಕಂಬಿ ಹಿಡಿದು ನಿಂತರು. ಪ್ಲಾಂಟರ್ ಪಕ್ಕ ಒಬ್ಬ ಅಜ್ಜಿ ಕೋಳಿ ಹಿಡಿದು ನಿಂತಿದ್ದಳು. ಹಳೇ ಆಸ್ಪತ್ರೆಯಿಂದ ಒಂದು ಸ್ಟ್ರೆಚರ್ ಮೊದಲೇ ತಂದು ಟಾಪಿಗೆ ಹಾಕಿದ್ದೆ. ಹೆದ್ದಾರಿಯಲ್ಲಿ ಇಳಿದು, ಅದರ ಮೇಲೆ ಒಂದು ಅಕ್ಕಿ ಮೂಟೆ ಮಲಗಿಸಿ ಹಗ್ಗ ಬಿಗಿದೆ. ಮುಂದೆ ನಾನು ಮತ್ತು ಇಂಜಿನಿಯರ್, ಹಿಂದೆ ಕಂಡಕ್ಟರ್ ಮತ್ತು ಆಸ್ಪತ್ರೆಯ ಅಟೆಂಡರ್. ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು.

ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಸಂತೆಗೆಲ್ಲಾ ಸುದ್ದಿ.

"ಏನ್ ಸಾಮಿ, ಅಕ್ಕಿಗೂ ಉಸಾರಿಲ್ವಾ?" ಎಂದಳು ಸೊಪ್ಪಿನವಳು.

"ಮೂಟೆಗೆ ಹೆರಿಗೆ ನೋವು ಕಣಕ್ಕೋ! ದಾರಿ ಬುಡ್ರೋ, ದಾರಿ ಬುಡ್ರೋ!" ಎಂದು ಮಡಕೆಯವನು ಕೂಗಿದ.

"ಗಂಡೋ ಹೆಣ್ಣೋ?"

"ರಾಜಮುಡಿ ಅಕ್ಕಿ!"

ನಗುವುದಕ್ಕೆ ಜನ ಇನ್ನೂ ಹತ್ತಿರ ಬಂದರು, ಇದ್ದ ದಾರಿಯೂ ಹೋಯಿತು. ಟೊಮೇಟೊ ಲಾರಿ ಹಿಂದಕ್ಕೆ ಬರುತ್ತಿತ್ತು. ಅದಕ್ಕೆ ದಾರಿ ಕೊಡಲು ಸ್ಟ್ರೆಚರ್ ಎತ್ತಿ ಬಟ್ಟೆ ಅಂಗಡಿಯವನ ಹಲಗೆಯ ಮೇಲೆ ಇಟ್ಟುಕೊಂಡೆವು. ಅವನು ಬೈದ. ಇಂಜಿನಿಯರ್ ಅಂಗಿಗೆ ಯಾರದೋ ಅರಿಶಿನ ಮೆತ್ತಿತು. ಟಾರ್ಪಾಲಿನ ಹಗ್ಗಗಳ ಕೆಳಗೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಯಿತು. ನೂರ ಎಂಬತ್ತು ಹೆಜ್ಜೆಯ ಜಾಗಕ್ಕೆ ಬಸ್‌ಸ್ಟ್ಯಾಂಡಿನಿಂದಲ್ಲ, ಹೆದ್ದಾರಿಯಿಂದ ಬರಬೇಕಾದಾಗ ಅದು ನಾನೂರು ಹೆಜ್ಜೆ. ಡಾಕ್ಟರಮ್ಮನ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ.

ಖಾಲಿ ಜಾಗದಲ್ಲಿ ಸ್ಟ್ರೆಚರ್ ಇಳಿಸಿದೆವು. ಡಾಕ್ಟರಮ್ಮ ಬಗ್ಗಿ ಮೂಟೆಯ ಮೇಲೆ ಕೈಯಿಟ್ಟು, ಎದ್ದು, "ರಕ್ತ ಹೋಗ್ತಿದ್ದ ಬಾಣಂತಿ ಆಗಿದ್ರೆ ಇವರಿಗೆ ಈಗ ನನ್ನ ಅಗತ್ಯ ಇರ್ತಿರಲಿಲ್ಲ" ಎಂದರು. ಹಿಂದೆ ಬಂದಿದ್ದವರು ಯಾರೂ ನಗಲಿಲ್ಲ.

"ಹಾಗಾದ್ರೆ ಎಲ್ಲಿ?" ಎಂದರು ಸಾಹೇಬರು.

"ಎಲ್ಲಿ ಅಂದ್ರೆ? ನನ್ ಗುಡ್ಡ ಎಲ್ಲಿಗೂ ಓಡೋಗಿಲ್ವಲ್ಲ" ಎಂದು ಪ್ಲಾಂಟರ್ ನನ್ನ ಕಡೆ ನೋಡಿದರು. "ಬೇಡ ಅಂದೋನೂ ನೀನೇ, ಇದು ಬೇಕು ಅಂದೋನೂ ನೀನೇ. ಈಗ ಏನಂತೀಯಯ್ಯ?"

"ಬಸ್ ಇನ್ನೂ ತಿರುಗ್ಸಿಲ್ಲ ಸಾವ್ಕಾರ್ರೆ. ಬನ್ನಿ, ತಿರುಗಿಸ್ಕೊಂಡು ಬರೋಣ. ಅಲ್ಲೀವರೆಗೆ ಬೈಗುಳ ಇಟ್ಕೊಳ್ಳಿ."

ಬೋರೆಗೆ ಹೋದಾಗ ಎರಡು ಬಸ್ಸು ತಿರುಗುತ್ತಿದ್ದವು. ನಾವು ಇಳಿದು ನಿಂತಿದ್ದಾಗಲೇ ಮೂರನೆಯದು ಬಂತು. ಎಲ್ಲಾ ಖಾಲಿ. ಸಾಹೇಬರು ಯಾಕೆ ಇಲ್ಲಿಗೆ ಬರುತ್ತವೆ ಎಂದು ಕೇಳಿದರು. ಹೇಳಿದೆ. ಅವರು ಒಂದೊಂದೇ ಬಸ್ಸಿನ ಖಾಲಿ ಸೀಟುಗಳನ್ನು ಬಗ್ಗಿ ನೋಡಿದರು. ಇಂಜಿನಿಯರ್ ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿ, "ಇಷ್ಟು ವರ್ಷ ಬಸ್ಸು ಓಡಿ ಓಡಿ ನೆಲ ತಾನೇ ಗಟ್ಟಿಯಾಗಿದೆ" ಎಂದರು. ಜಾಗ ಯಾರದೆಂದು ಆಫೀಸಿಗೆ ಹೋಗಿ ನೋಡಿದಾಗ ಸರ್ಕಾರದ ಬೀಳು ಎಂದು ತಿಳಿಯಿತು. ಒಂದೇ ಕೊರತೆ ಎಂದರೆ ನೀರು. ಬೋರೆಯಲ್ಲಿ ಬಾವಿ ತೋಡಿದರೂ ಬೇಸಿಗೆಗೆ ಸಿಗುವುದಿಲ್ಲ ಎಂದು ಸುತ್ತಲಿನವರು ಹೇಳಿದರು.

ಮುಂದಿನ ಸಭೆಯಲ್ಲಿ ಇದೇ ಚರ್ಚೆ ನಡೆದಾಗ ಪ್ಲಾಂಟರ್ ಗಂಟಲು ಸರಿಮಾಡಿಕೊಂಡರು. ಅವರ ಗುಡ್ಡ ಆ ಬೋರೆಯ ನೇರ ಮೇಲೆ. "ನನ್ ಗುಡ್ಡಕ್ಕೆ ಬಸ್ ಹತ್ತಲ್ಲ ಅಂತೀರ. ಸರಿ. ನೀರು ಇಳಿಯುತ್ತಲ್ಲಯ್ಯ?" ಎಂದರು. ಒರತೆಗೆ ಒಂದು ತೊಟ್ಟಿ ಕಟ್ಟಿ ಪೈಪು ಎಳೆದರೆ ಮೋಟಾರೂ ಬೇಡ. ತೊಟ್ಟಿಯ ಮೇಲೆ ತಾಯಿಯ ಹೆಸರು ಬರೆಸಿದರೆ ಸಾಕು ಎಂದರು. ನಾನು ಎದ್ದು ಕೈ ಮುಗಿದೆ. "ಕೂತ್ಕೊಳ್ಳೋ ಮಾರಾಯ. ನಿನ್ ಬಸ್ಸಲ್ಲಿ ಆ ಕೋಳಿ ನನ್ ಬೆಳ್ಳಗಿರೋ ಪಂಚೆ ಮೇಲೆ ಮಾಡಿದ್ದು ಇನ್ನೂ ಹೋಗಿಲ್ಲ" ಎಂದರು.

ಹೊಸ ನಕ್ಷೆ ಬಂದಾಗ ಇನ್ನೊಂದು ತೊಡಕು. ಬಸ್ಸು ಆಸ್ಪತ್ರೆಯ ಬಾಗಿಲಿಗೇ ಬಂದು, ಹಿಂದಕ್ಕೆ ತೆಗೆಯದೆ ಒಂದೇ ಸುತ್ತಿಗೆ ಹೊರಗೆ ಹೋಗಬೇಕು ಎಂಬುದು ನನ್ನ ಹಟ. ರೋಗಿಗಳು ಓಡಾಡುವ ಅಂಗಳದಲ್ಲಿ ರಿವರ್ಸ್ ಕೂಡದು. ಇಂಜಿನಿಯರ್ ಬಸ್ ಸುತ್ತುವ ಜಾಗಕ್ಕೆ ಐವತ್ತಡಿ ಅಗಲ ಕೊಟ್ಟಿದ್ದರು. ಸಾಲದು ಎಂದೆ. ಪುಸ್ತಕದಲ್ಲಿ ಇಷ್ಟೇ ಇದೆ ಎಂದರು. ಅದು ಸಣ್ಣ ವ್ಯಾನಿನ ಲೆಕ್ಕವಿರಬೇಕು ಎಂದು ಹೇಳಿದರೆ ಅವರಿಗೆ ಸಿಟ್ಟು ಬಂತು. ಬಾಯಿ ಮಾತು ಬಿಟ್ಟು ಬೋರೆಗೆ ಬಸ್ಸನ್ನೇ ತಂದೆ. ಸ್ಟೇರಿಂಗನ್ನು ಕೊನೆಯವರೆಗೆ ಬಲಕ್ಕೆ ತಿರುಗಿಸಿ, ನಡಿಗೆಯ ವೇಗದಲ್ಲಿ ಒಂದು ಸುತ್ತು ಹಾಕಿದೆ. ಎಡಗಡೆಯ ಮುಂದಿನ ಚಕ್ರದ ಜೊತೆಜೊತೆಗೆ ಕಂಡಕ್ಟರ್ ಸುಣ್ಣದ ಪುಡಿ ಸುರಿಯುತ್ತಾ ಬಂದ. ಬಸ್ ಆಚೆ ತೆಗೆದಾಗ ಹುಲ್ಲಿನ ಮೇಲೆ ದೊಡ್ಡ ಬಿಳಿ ಚಕ್ರ. ಇಂಜಿನಿಯರ್ ತಾವೇ ಟೇಪಿನ ತುದಿ ಹಿಡಿದು ಅಳೆದರು. ಎಪ್ಪತ್ತೆರಡಡಿ. ಬಂಪರ್ ಚಕ್ರಕ್ಕಿಂತ ಹೊರಗೆ ಚಾಚುವುದನ್ನೂ ಸೇರಿಸಿ ಎಂಬತ್ತು ಬರೆದುಕೊಂಡರು. "ಸಂತೆ ಜಾಗದ ಹಾಗೆ ಅಳೆದಿಲ್ಲ ತಾನೆ?" ಎಂದು ಕಣ್ಣು ಮಿಟುಕಿಸಿದರು. ಆ ಏಟು ನನಗೆ ಬರಬೇಕಾದ್ದೇ. ನಕ್ಕು ಟೇಪು ಸುತ್ತಿಕೊಟ್ಟೆ.

ಕಟ್ಟಡ ಏಳಲು ಎರಡು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಕೊನೆಯ ಕೆಲಸ, ಎಲ್ಲಕ್ಕಿಂತ ಕಷ್ಟದ್ದು, ಬಸ್ಸಿನವರನ್ನು ಒಪ್ಪಿಸುವುದು. ನಮ್ಮ ಪರ್ಮಿಟ್ಟೆಲ್ಲಾ ಬಸ್‌ಸ್ಟ್ಯಾಂಡಿಗೆ ಮುಗಿಯುತ್ತಿತ್ತು. ಅದನ್ನು ಆಸ್ಪತ್ರೆಯವರೆಗೆ ಮುಂದುವರಿಸುವ ಕಾಗದ ಸಾಹೇಬರು ಮಾಡಿಸಿದರು. ಆದರೆ ಸರ್ವೀಸ್ ಬಸ್ಸಿನವರ ಜೀವ ಇರುವುದು ನಿಮಿಷದಲ್ಲಿ. ದಿನವೂ ಹೋಗಿ ಬರಲು ಹತ್ತು ನಿಮಿಷ ಹೆಚ್ಚು ಬೇಕು. ಆ ಹತ್ತು ನಿಮಿಷದಲ್ಲಿ ಹಿಂದಿನವನು ಬಂದು ನಿಮ್ಮ ಜನರನ್ನು ತುಂಬಿಕೊಂಡು ಹೋಗುತ್ತಾನೆ. ನನ್ನ ಹಿಂದಿನ ಬಸ್ಸಿನ ಡ್ರೈವರಿಗೂ ನನಗೂ ಇದೇ ನಿಮಿಷಕ್ಕಾಗಿ ಹತ್ತು ವರ್ಷದ ಜಗಳ, ಒಂದು ಸಲ ಅಂಗಿಯ ಕಾಲರ್ ಹಿಡಿಯುವವರೆಗೂ ಹೋಗಿತ್ತು. ಎಲ್ಲರ ಹೊತ್ತನ್ನೂ ಹತ್ತು ನಿಮಿಷ ಮುಂದಕ್ಕೆ ತಳ್ಳಿ ಹೊಸ ಪಟ್ಟಿ ಮಾಡಿದೆವು. ಅವನೂ ಸಹಿ ಹಾಕಿದ. ಪೆನ್ನು ವಾಪಸ್ ಕೊಡುತ್ತಾ, "ಕಾಗ್ದದ ಮೇಲೆ ಒಪ್ಕಂಡಿದೀನಿ. ರೋಡ್ ಮೇಲೆ ನೋಡ್ಕಳಣ" ಎಂದ.

ಆ ಮಾತು ನನ್ನನ್ನು ಕೊರೆಯಿತು. ನಾನು ನನ್ನ ಬಸ್ಸನ್ನು ದಿನವೂ ಆಸ್ಪತ್ರೆಯೊಳಗೆ ತಿರುಗಿಸುತ್ತೇನೆ, ಸರಿ. ನನ್ನ ಬಸ್ಸಿಗೆ ದಿನಕ್ಕೆ ಮೂರೇ ಟ್ರಿಪ್ಪು. ಉಳಿದವರು ಬಸ್‌ಸ್ಟ್ಯಾಂಡಿಗೇ ನಿಲ್ಲಿಸಿಬಿಟ್ಟರೆ? ಅಷ್ಟು ದೊಡ್ಡ ಕಟ್ಟಡ ಊರಿನ ಹೊರಗೆ ಎರಡು ಮೈಲಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಜನ ಶಪಿಸುವುದು ಇಂಜಿನಿಯರನ್ನಲ್ಲ, ನನ್ನನ್ನು.

ಆಸ್ಪತ್ರೆ ಶುರುವಾಗಿ ಒಂದು ತಿಂಗಳ ಮೇಲೆ, ನನ್ನ ರಜದ ದಿನ, ಒಂದು ಶಾಲು ಹೊದ್ದು ಬಾಳ್ಳುಪೇಟೆಯಲ್ಲಿ ಆ ಡ್ರೈವರನ ಬಸ್ಸನ್ನೇ ಹತ್ತಿದೆ. ಹಿಂದೆ ಮೂಲೆಯ ಸೀಟು. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ಪ್ರತಿ ತಿರುವಿಗೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತದೆ, ಇಲ್ಲದ ಬ್ರೇಕನ್ನು ಹುಡುಕುತ್ತದೆ. ಅವತ್ತಂತೂ ಕಾಲು ನೋಯುವಷ್ಟು ಒತ್ತಿದೆ. ಬಸ್‌ಸ್ಟ್ಯಾಂಡಿನಲ್ಲಿ ಬಹಳ ಜನ ಇಳಿದರು. ವಾಪಸ್ ಟ್ರಿಪ್ಪಿಗೆ ಸೀಟು ಹಿಡಿಯಲು ಹತ್ತಿದವರು ನಾಲ್ಕೈದು ಮಂದಿ, ಅವರಲ್ಲಿ ಕಾಯಿಲೆಯವರ ಹಾಗೆ ಕಾಣುವವರು ಒಬ್ಬರೂ ಇರಲಿಲ್ಲ. ಆಸ್ಪತ್ರೆ ಎಂದು ಯಾರೂ ಕೇಳಲಿಲ್ಲ, ಅವನ ಕಂಡಕ್ಟರೂ ಕೂಗಲಿಲ್ಲ. ಇವನು ಇಲ್ಲೇ ತಿರುಗಿಸುತ್ತಾನೆ ಎಂದುಕೊಂಡೆ.

ತಿರುಗಿಸಲಿಲ್ಲ. ಹೆದ್ದಾರಿಗೆ ಬಂದು ಆನೇಮಹಲ್ ದಿಕ್ಕು ಹಿಡಿದ. ಆಸ್ಪತ್ರೆಯ ಗೇಟು ಕಂಡಾಗ ಸೆಕೆಂಡ್ ಗೇರಿಗೆ ಇಳಿಸಿ, ಒಳಗೆ ತೆಗೆದುಕೊಂಡು, ಬಾಗಿಲ ಮುಂದೆ ನಿಲ್ಲಿಸಿದ. ನಮ್ಮ ಬಸ್ಸಿನಿಂದ ಯಾರೂ ಇಳಿಯಲಿಲ್ಲ. ಒಳಗಿನಿಂದ ಹಣೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮುದುಕ, ಕೂಸು ಎತ್ತಿಕೊಂಡ ಇಬ್ಬರು ಹೆಂಗಸರು ನಿಧಾನವಾಗಿ ಬಂದರು. ಅವರು ಹತ್ತಿ ಕೂರುವವರೆಗೂ ಎಂಜಿನ್ ಸದ್ದು ಏರಲಿಲ್ಲ.

ಆಗ ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಶಾಲು ಹೊದ್ದರೇನು, ಹತ್ತು ವರ್ಷ ಜಗಳವಾಡಿದವನ ಮುಖ ಗೊತ್ತಾಗದೆ ಇರುತ್ತದೆಯೇ?

"ಏನ್ ಕದ್ದು ನೋಡ್ತೀಯೋ? ಹಿಂದಿಂದ ಬರೋನಿಗಿಂತ ಇನ್ನೂ ಎರಡು ನಿಮಿಷ ಮುಂದಿದೀನಿ" ಎಂದು ಕೂಗಿ, ಬಲಕ್ಕೆ ಸ್ಟೇರಿಂಗ್ ಎಳೆದ. ಬಸ್ಸು ಎಲ್ಲೂ ನಿಲ್ಲದೆ, ಹಿಂದಕ್ಕೆ ಸರಿಯದೆ, ಒಂದೇ ಸುತ್ತಿಗೆ ಹೆದ್ದಾರಿಗೆ ಬಂತು. ಸೇತುವೆ ದಾಟುವವರೆಗೂ ನನ್ನ ಬಲಗಾಲು ಎಲ್ಲಿತ್ತೋ ಅಲ್ಲೇ ಸುಮ್ಮನೆ ಇತ್ತು.